ಎಂಟು ಅಕ್ಷರ

ನಿಜಗುಣಪ್ಪನ ರೇಡಿಯೊ ಅಂಗಡಿಯಲ್ಲಿ ನೂರಾ ತೊಂಬತ್ತು ರೂಪಾಯಿ.
ಬೆನ್ನಿಗೆ ಇನ್ನೊಂದು ಪುಟ್ಟ ಹಲಗೆ
ಕೂಸುಮರಿ ಹೊತ್ತಂಥ ಹಲಗೆ.
ನಾಲ್ಕೇ ತಂತಿ. ಕರೆಂಟಿಗೊಂದು, ನೆಲಕ್ಕೊಂದು,
ಮಾತಿಗೊಂದು, ಮಾತಿನ ತಾಳಕ್ಕೊಂದು.

ಮೊದಲ ದಿನ ಬರೀ ನೀಲಿ.
ಮೇಲಿನ ಸಾಲಿನಲ್ಲಿ ಹದಿನಾರು ಇಟ್ಟಿಗೆ,
ಕೆಳಗೆ ಖಾಲಿ ಸೈಟು.
ವಿಳಾಸ ತಪ್ಪಿತ್ತು. ನಾನು ಇಪ್ಪತ್ತೇಳು ಎಂದು ಕೂಗುತ್ತಿದ್ದೆ,
ಅದು ಮೂರು ಎಫ್ ಎಂಬ ಮನೆಯಲ್ಲಿತ್ತು.
ನಮ್ಮ ಬಾಷಾ ನಗರದಲ್ಲೂ ಹಾಗೇ, ಅಡ್ಡರಸ್ತೆ ತಪ್ಪಿದರೆ
ಎಷ್ಟು ಕೂಗಿದರೂ ಯಾರೂ ಬಾಗಿಲು ತೆಗೆಯುವುದಿಲ್ಲ.

ಬೆನ್ನ ಮೇಲಿನ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದೆ.
ಇಂಗ್ಲಿಷ್ ಬಂತು, ಹೊಟ್ಟೆಯಲ್ಲೇ ಕಲಿತು ಹುಟ್ಟಿದಂತೆ.
ಕನ್ನಡ ಅದಕ್ಕೆ ಬಾರದು.
ನೀನೇ ಚುಕ್ಕಿಯಿಟ್ಟು ಕೊಟ್ಟರೆ ಇಟ್ಟುಕೊಳ್ಳುತ್ತೇನೆ ಅನ್ನುತ್ತದೆ,
ಅಗಲ ಐದು ಚುಕ್ಕಿ, ಎತ್ತರ ಎಂಟು,
ಒಟ್ಟು ಎಂಟೇ ಅಕ್ಷರ.
ಒಂಬತ್ತನೆಯದು ಬಂದರೆ
ಮೊದಲನೆಯದು ಎದ್ದು ಜಾಗ ಬಿಡಬೇಕು.

ಲೆಕ್ಕದ ಹಾಳೆಯಲ್ಲಿ ಚೌಕ ತುಂಬುತ್ತಾ ಕೂತೆ.
ಒತ್ತಕ್ಷರಕ್ಕೆ ಕಾಲು ಚಾಚಲು ತಾವಿಲ್ಲ.
ಹಾಗಾಗಿ ಮಂಡಕ್ಕಿ ಭಟ್ಟಿಗೆಂದು ತಂದ ಹಲಗೆಯಲ್ಲಿ
ಮಂಡಕ್ಕಿ ಅಂತ ಬರೆಯಲಾಗಲಿಲ್ಲ.
ತಲೆಕಟ್ಟು ಕತ್ತರಿಸಿದೆ, ಕೊಂಬು ಮೊಟಕು ಮಾಡಿದೆ.
ಳು ಮಾತ್ರ ಬಗ್ಗಲಿಲ್ಲ.
ಖಾಲಾ ಕ್ರೋಶಾ ಕಡ್ಡಿ ಕೆಳಗಿಟ್ಟು ಹಾಳೆ ನೋಡಿ
‘ಈ ಮನಿ ಬಿಡು, ಆ ಮನಿ ತುಂಬು’ ಅಂದಳು.
ಓದು ಬಾರದವಳು.
ಳು ಆಯಿತು.

ಮ, ರ, ಳು, ಕಾ, ದಿ, ದೆ, ಸಾ, ಕು.
ಮರಳು ಕಾದಿದೆ.
ಇಲ್ಲವೆ, ಸಾಕು.
ಭಟ್ಟಿಗೆ ಇದಕ್ಕಿಂತ ಹೆಚ್ಚು ಮಾತು ಯಾಕೆ?
(ಉಸುಕು ಅಂದಿದ್ದರೆ ಏಳರಲ್ಲೇ ಮುಗಿಯುತ್ತಿತ್ತು.
ಪುಸ್ತಕದ ಮಾತಿರಲಿ ಅಂತ ನಾನು.)

ಬುಡೇನ್ ಚಾಚಾ ಮೂವತ್ತೊಂದು ವರ್ಷದಿಂದ
ಉಸುಕಿನ ಮೇಲೆ ಒಂದು ಗೇಣು ಎತ್ತರಕ್ಕೆ ಅಂಗೈ ಹಿಡಿದು
ಕಾವು ಓದುತ್ತಿದ್ದವ.
ಹಲಗೆಯನ್ನು ಗೋಡೆಗೆ ಹೊಡೆದ ಬೆಳಿಗ್ಗೆ
ಅವನು ಹಿಡಿ ಅಕ್ಕಿ ಎತ್ತಿದ್ದ.
ಅಬ್ಬಾ ‘ತಡಿ ಬುಡೇನ್, ಅದು ಇನ್ನೂ ಹೇಳಿಲ್ಲ’ ಅಂದರು.
ಎತ್ತಿದ ಅಕ್ಕಿಯನ್ನು ಚೀಲಕ್ಕೇ ಸುರಿದ.
ಟವೆಲ್ ಕೊಡವಿದ.
‘ಅಂಗೈ ಅಷ್ಟೂ ಇಲ್ಲ, ಅದನ್ನ ಕೇಳಿ ಅಕ್ಕಿ ಹಾಕಬೇಕೇನು?’

ಹತ್ತು ದಿನ
ಹೊಸ ಹುಡುಗ ಹಲಗೆ ನೋಡಿ ನೋಡಿ ಹುರಿದ.
ಮೂಟೆ ಮೂಟೆ ಕರಕಲು.
ತಪ್ಪು ಹಲಗೆಯದಲ್ಲ, ಅದು ಕೇಳಿದ್ದನ್ನೇ ಹೇಳುವಂಥದು.
ಕಾವಿನ ಕಡ್ಡಿಯನ್ನು ನಾನು ಬಾಣಲೆಯ ಅಂಚಿನಲ್ಲಿ ಹೂತಿದ್ದೆ,
ಬೆಂಕಿ ನಡುವೆ ಇತ್ತು.
ಯಾರಿಗೂ ಹೇಳಲಿಲ್ಲ.

ಶುಕ್ರವಾರ ನಮಾಜ್ ಮುಗಿಸಿ ಚಾಚಾ
ಬಾಕಿ ಕೇಳಲು ಬಂದ.
ಒಲೆ ಹತ್ತಿತ್ತು, ಹುಡುಗ ಚಹಾಕ್ಕೆ ಹೋಗಿದ್ದ.
ಗೋಡೆಯ ಮೇಲೆ ಸಾಲು ಮೂಡಿತು.
ರಾತ್ರಿಶಾಲೆಯ ಕನ್ನಡ ಅವನದು,
ಗಾಳಿಯಲ್ಲಿ ಬೆರಳಿಟ್ಟು ಬಿಡಿಬಿಡಿಯಾಗಿ ಓದಿದ.
ಮ. ರ. ಳು.
ನಿಂತ.
ಕಾ. ದಿ. ದೆ.
ತಿರುಗಿ ನನ್ನ ಮುಖ ನೋಡಿದ.
‘ಮರಳು ಅಂದ್ರ ವಾಪಸ್ ಬಾ ಅಂತ ಅಲ್ಲೇನು?’

ಅಲ್ಲ ಚಾಚಾ, ಉಸುಕು, ಅನ್ನಲು ಬಾಯಿ ತೆರೆದೆ.
ಅಬ್ಬಾ ಗಲ್ಲಾಪೆಟ್ಟಿಗೆಯಿಂದ ತಲೆಯೆತ್ತಿ
‘ಹೌದು’ ಅಂದರು.
ಅಂದವರು ಮತ್ತೆ ಚಿಲ್ಲರೆ ಎಣಿಸತೊಡಗಿದರು.

ಚಾಚಾ ಬಾಣಲೆಯ ಮೇಲೆ ಅಂಗೈ ಚಾಚಿದ.
‘ಕಾದು ಕಾದು ಸುಟ್ಟೇ ಹೋಗೇತಿ,’ ಅಂದ,
‘ಹೊಟ್ಟು ಕಡಿಮಿ ಮಾಡ್ರಲೇ.’

ರಾತ್ರಿ ಒಲೆ ಆರಿದ ಮೇಲೆ ಒಬ್ಬಳೇ ಹೋಗಿ
ಕಡ್ಡಿಯನ್ನು ಅಂಚಿನಿಂದ ಕಿತ್ತು
ಅವನ ಕೈ ನಿಂತಿದ್ದ ಜಾಗದ ನೇರ ಕೆಳಗೆ
ಹೂತು ಬಂದೆ.